ಟೈರಿನ ಮೇಲಿನ ಬರಹವನ್ನು ಓದುವ ಬಗೆ: ವರ್ತಕರ ವಾಹನಕ್ಕೆ ತಕ್ಕ ಟೈರಿನ ಆಯ್ಕೆ

ವ್ಯಾಪಾರ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ 'ವಾಹನ ನಿರ್ವಹಣಾ ವೆಚ್ಚ' ಎಂಬ ಖಾತೆಯೊಂದು ಇದ್ದೇ ಇರುತ್ತದೆ. ಇಂಧನ, ವಿಮೆ, ದುರಸ್ತಿ, ಚಾಲಕನ ಸಂಬಳ ಇವುಗಳ ಬಗೆಗೆ ವರ್ತಕರು ಸಾಕಷ್ಟು ಎಚ್ಚರ ವಹಿಸುತ್ತಾರೆ. ಟೈರಿನ ವಿಷಯ ಬಂದಾಗ ಮಾತ್ರ ಅಂಗಡಿಯವನು ಹೇಳಿದ ದರದಲ್ಲಿ ಒಂದಿಷ್ಟು ಚೌಕಾಸಿ ಮಾಡಿ, ಕಡಿಮೆ ಬೆಲೆಯದನ್ನು ಹಾಕಿಸಿಕೊಂಡು ಬರುವುದೇ ರೂಢಿಯಾಗಿದೆ. ವಾಹನಕ್ಕೂ ನೆಲಕ್ಕೂ ಇರುವ ಸಂಬಂಧವೆಂದರೆ ಪ್ರತಿ ಟೈರಿನ ಅಡಿಯಲ್ಲಿ ಅಂಗೈಯಗಲದ ರಬ್ಬರು ಮಾತ್ರ. ಬ್ರೇಕು, ಸ್ಟಿಯರಿಂಗ್, ಎಂಜಿನ್ ಎಷ್ಟೇ ಉತ್ತಮವಾಗಿದ್ದರೂ ಅವುಗಳ ಕೆಲಸವೆಲ್ಲ ನಡೆಯುವುದು ಈ ಅಂಗೈಯಗಲದ ಜಾಗದ ಮೂಲಕವೇ. ಆದ್ದರಿಂದ ಟೈರಿನ ಆಯ್ಕೆಯು ಹಣದ ಲೆಕ್ಕವೂ ಹೌದು, ಪ್ರಾಣದ ಲೆಕ್ಕವೂ ಹೌದು.

ಟೈರಿನ ಪಕ್ಕದ ಗೋಡೆಯ ಮೇಲೆ ತಯಾರಕನು ಅಚ್ಚೊತ್ತಿರುವ ಅಂಕಿ ಅಕ್ಷರಗಳು ಅಲಂಕಾರಕ್ಕಾಗಿ ಇರುವುದಿಲ್ಲ. ಅವು ಒಂದು ಬಗೆಯ ಕರಾರುಪತ್ರ. ಎಷ್ಟು ಭಾರ, ಎಷ್ಟು ವೇಗ, ಎಷ್ಟು ಗಾಳಿ, ಯಾವ ವರ್ಷದ ಸರಕು ಎಂಬುದೆಲ್ಲ ಅದರಲ್ಲಿ ಅಡಕವಾಗಿರುತ್ತದೆ. ಸರಕು ಕೊಳ್ಳುವಾಗ ಬಿಲ್ಲನ್ನು ಓದದೆ ಸಹಿ ಮಾಡದ ವರ್ತಕನು ಟೈರಿನ ಈ ಬರಹವನ್ನೂ ಓದಲು ಕಲಿಯುವುದು ಉಚಿತ. ಈ ಲೇಖನದ ಉದ್ದೇಶವೂ ಅದೇ ಆಗಿದೆ.

ಅಳತೆಯ ಅಂಕಿಗಳು

ಕಾರಿನ ಟೈರೊಂದರ ಮೇಲೆ '185/65 ಆರ್ 15 88 ಎಚ್' ಎಂದು ಬರೆದಿದೆ ಎಂದಿಟ್ಟುಕೊಳ್ಳೋಣ. ಮೊದಲ ಸಂಖ್ಯೆಯಾದ 185 ಎಂಬುದು ಟೈರಿನ ಅಗಲ. ಇದು ಮಿಲಿಮೀಟರ್ ಲೆಕ್ಕದಲ್ಲಿರುತ್ತದೆ. ಎರಡನೆಯದಾದ 65 ಎಂಬುದು ಪಕ್ಕದ ಗೋಡೆಯ ಎತ್ತರವು ಅಗಲದ ಶೇಕಡ ಎಷ್ಟು ಎಂಬುದನ್ನು ತಿಳಿಸುತ್ತದೆ. 185ರ ಶೇಕಡ 65 ಎಂದರೆ ಸುಮಾರು 120 ಮಿಲಿಮೀಟರ್. 'ಆರ್' ಎಂದರೆ ರೇಡಿಯಲ್ ರಚನೆ. 15 ಎಂಬುದು ಚಕ್ರದ ರಿಮ್ಮಿನ ವ್ಯಾಸ. ಇದು ಮಾತ್ರ ಅಂಗುಲದಲ್ಲಿ. ಕೊನೆಯ 88 ಭಾರದ ಸೂಚ್ಯಂಕ. 'ಎಚ್' ವೇಗದ ಸಂಕೇತ.

ಸಣ್ಣ ಸರಕು ವಾಹನಗಳಲ್ಲಿ '145 ಆರ್ 12 ಎಲ್‌ಟಿ 8 ಪಿಆರ್' ಎಂಬಂತಹ ಬರಹ ಕಾಣುತ್ತದೆ. ಇಲ್ಲಿ 'ಎಲ್‌ಟಿ' ಎಂದರೆ ಲಘು ಸರಕು ವಾಹನದ ಟೈರು. '8 ಪಿಆರ್' ಎಂದರೆ ಎಂಟು ಪದರದ ಹಳೆಯ ಕಾಲದ ಟೈರಿಗೆ ಇದ್ದಷ್ಟು ಬಲ. ಒಳಗೆ ಎಂಟು ಪದರ ಇದ್ದೇ ಇರಬೇಕೆಂದೇನೂ ಇಲ್ಲ. ಕಾರಿನ ಟೈರು ಅದೇ ರಿಮ್ಮಿಗೆ ಕೂರುತ್ತದೆ ಎಂಬ ಕಾರಣಕ್ಕೆ ಸರಕು ವಾಹನಕ್ಕೆ ಅದನ್ನು ಹಾಕಿಸುವುದು ಅಪಾಯಕ್ಕೆ ಆಹ್ವಾನವಿತ್ತಂತೆ.

ನಮ್ಮಲ್ಲಿ ಇಂದಿಗೂ 'ನೈಲಾನ್ ಟೈರು' ಎಂದು ಕರೆಯಲ್ಪಡುವ ಅಡ್ಡಪದರದ ಟೈರುಗಳು ಸರಕು ವಾಹನ ಹಾಗೂ ಟ್ರಾಕ್ಟರುಗಳಲ್ಲಿ ಬಳಕೆಯಲ್ಲಿವೆ. ಅವುಗಳ ಗೋಡೆ ಗಡಸು. ಕಲ್ಲು ಹಾದಿಯಲ್ಲಿ ಪೆಟ್ಟು ತಡೆಯುತ್ತವೆ. ಆದರೆ ದೀರ್ಘ ಓಟದಲ್ಲಿ ಬೇಗ ಬಿಸಿಯಾಗುತ್ತವೆ, ಇಂಧನವನ್ನು ಹೆಚ್ಚು ಬೇಡುತ್ತವೆ. ರೇಡಿಯಲ್ ಮತ್ತು ನೈಲಾನ್ ಟೈರುಗಳನ್ನು ಒಂದೇ ಅಚ್ಚಿನ ಎರಡು ತುದಿಗಳಿಗೆ ಬೆರೆಸಿ ಹಾಕಬಾರದು.

ಭಾರದ ಸೂಚ್ಯಂಕ: ವರ್ತಕರು ಮೊದಲು ನೋಡಬೇಕಾದ ಅಂಕಿ

ಭಾರದ ಸೂಚ್ಯಂಕವು ನೇರವಾಗಿ ಕಿಲೋಗ್ರಾಂ ಅಲ್ಲ. ಕೋಷ್ಟಕದ ಒಂದು ಕ್ರಮಾಂಕ. 82 ಎಂದರೆ ಒಂದು ಟೈರು 475 ಕಿಲೋಗ್ರಾಂ ಹೊರಬಲ್ಲದು. 85ಕ್ಕೆ 515, 88ಕ್ಕೆ 560, 91ಕ್ಕೆ 615, 95ಕ್ಕೆ 690 ಕಿಲೋಗ್ರಾಂ. ಸರಕು ವಾಹನದ ಟೈರಿನಲ್ಲಿ '112/110' ಎಂದು ಎರಡು ಅಂಕಿಗಳಿದ್ದರೆ, ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಜೋಡಿ ಚಕ್ರಕ್ಕೆ ಅನ್ವಯಿಸುತ್ತದೆ. ಅಂದರೆ ಒಂಟಿಯಾಗಿ 1,120 ಕಿಲೋಗ್ರಾಂ, ಜೋಡಿಯಲ್ಲಿ ತಲಾ 1,060 ಕಿಲೋಗ್ರಾಂ.

ಈ ಮಿತಿಯು ಟೈರಿನಲ್ಲಿ ಪೂರ್ಣ ಗಾಳಿ ಇದ್ದಾಗ ಮಾತ್ರ ನಿಜ ಎಂಬುದನ್ನು ಬಹಳ ಮಂದಿ ಅರಿತಿಲ್ಲ. ಒಂದು ಉದಾಹರಣೆ ನೋಡೋಣ. ಹೊಳೆನರಸೀಪುರದ ದಿನಸಿ ವರ್ತಕರೊಬ್ಬರು ಹಾಸನದ ಸಗಟು ಅಂಗಡಿಯಿಂದ ತಲಾ 50 ಕಿಲೋಗ್ರಾಂ ತೂಕದ 6 ಮೂಟೆಗಳನ್ನು ತಮ್ಮ ಕಾರಿನ ಹಿಂಭಾಗಕ್ಕೆ ತುಂಬಿಸುತ್ತಾರೆ ಎಂದು ಭಾವಿಸೋಣ. ಖಾಲಿ ಕಾರಿನ ಹಿಂದಿನ ಅಚ್ಚಿನ ಮೇಲೆ 500 ಕಿಲೋಗ್ರಾಂ ಇದ್ದು, ಮೂಟೆಗಳ 300 ಕಿಲೋಗ್ರಾಂ ಪೂರ್ತಿ ಹಿಂದೆಯೇ ಬಿದ್ದರೆ ಒಟ್ಟು 800 ಕಿಲೋಗ್ರಾಂ. ಹಿಂದಿನ ಎರಡು ಟೈರುಗಳ ಸೂಚ್ಯಂಕ 85 ಆದರೆ ಪೂರ್ಣ ಗಾಳಿಯಲ್ಲಿ ಅವುಗಳ ಸಾಮರ್ಥ್ಯ 1,030 ಕಿಲೋಗ್ರಾಂ. ಲೆಕ್ಕ ಸರಿಯಿದೆ ಎನಿಸುತ್ತದೆ. ಆದರೆ ಸಾಮಾನ್ಯ ಕಾರಿನ ಟೈರಿಗೆ ಈ ಸಾಮರ್ಥ್ಯವನ್ನು ನಿಗದಿಪಡಿಸಿರುವುದು ಸುಮಾರು 36 ಪಿ.ಎಸ್.ಐ. ಒತ್ತಡಕ್ಕೆ. ತಿಂಗಳುಗಟ್ಟಲೆ ನೋಡದೆ ಬಿಟ್ಟು ಗಾಳಿ 24ಕ್ಕೆ ಇಳಿದಿದ್ದರೆ ಪ್ರತಿ ಟೈರಿನ ಸಾಮರ್ಥ್ಯ ಸುಮಾರು 370 ಕಿಲೋಗ್ರಾಮಿಗೆ, ಎರಡರದು ಸೇರಿ ಸುಮಾರು 740 ಕಿಲೋಗ್ರಾಮಿಗೆ ಕುಸಿಯುತ್ತದೆ. ಟೈರು ಅದೇ, ಕಾರು ಅದೇ, ಮೂಟೆಯೂ ಅದೇ. ಆದರೂ ಮಿತಿ ಮೀರಿತು. ಇದರ ಜೊತೆಗೆ ವಾಹನದ ಅಚ್ಚಿಗೂ ಸ್ಪ್ರಿಂಗಿಗೂ ತಮ್ಮದೇ ಆದ ಮಿತಿ ಇರುತ್ತದೆ. ಟೈರು ತಾಳುತ್ತದೆ ಎಂದ ಮಾತ್ರಕ್ಕೆ ವಾಹನ ತಾಳಬೇಕೆಂದಿಲ್ಲ.

ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ. ಬಾಗುವಿಕೆಯಿಂದ ಒಳಗೆ ಶಾಖ ಹುಟ್ಟುತ್ತದೆ. ಶಾಖವು ರಬ್ಬರಿಗೂ ಒಳಗಿನ ಎಳೆಗಳಿಗೂ ಇರುವ ಬೆಸುಗೆಯನ್ನು ಸಡಿಲಗೊಳಿಸುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಹಲವು ವೇಳೆ ಕಾರಣ ಹೆಚ್ಚು ಗಾಳಿಯಲ್ಲ, ಕಡಿಮೆ ಗಾಳಿ.

ವೇಗದ ಸಂಕೇತ

ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್, ಟಿ ಎಂದರೆ 190, ಎಚ್ ಎಂದರೆ 210, ವಿ ಎಂದರೆ 240, ಡಬ್ಲ್ಯು ಎಂದರೆ 270. ಸರಕು ವಾಹನದ ಟೈರುಗಳಲ್ಲಿ ಎನ್ (140), ಪಿ (150), ಕ್ಯು (160) ಮೊದಲಾದ ಕೆಳಗಿನ ಸಂಕೇತಗಳು ಕಾಣಬರುತ್ತವೆ. ನಮ್ಮ ರಸ್ತೆಗಳಲ್ಲಿ ಯಾರೂ 190ರಲ್ಲಿ ಓಡಿಸಲಾರರು, ಓಡಿಸಲೂ ಬಾರದು. ಹಾಗಿದ್ದಮೇಲೆ ಈ ಸಂಕೇತದಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಈ ಸಂಕೇತವು ವಾಸ್ತವವಾಗಿ ಟೈರು ಶಾಖವನ್ನು ಎಷ್ಟು ತಾಳಬಲ್ಲದು ಎಂಬುದರ ಅಳತೆಯೂ ಆಗಿದೆ. ಆದ್ದರಿಂದ ವಾಹನ ತಯಾರಕರು ಸೂಚಿಸಿದ ಸಂಕೇತಕ್ಕಿಂತ ಕೆಳಗಿನದನ್ನು ಹಾಕಿಸಬಾರದು. ಅಗತ್ಯಕ್ಕಿಂತ ಬಹಳ ಮೇಲಿನದಕ್ಕೆ ಹಣ ಸುರಿಯುವ ಕಾರಣವೂ ಇಲ್ಲ.

ವಯಸ್ಸು ಮತ್ತು ಮುದ್ರೆಗಳು

ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿಗಳ ಒಂದು ಪುಟ್ಟ ಚೌಕಟ್ಟು ಇರುತ್ತದೆ. '2324' ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಔಷಧಿಯ ಪೊಟ್ಟಣದ ಮೇಲೆ ತಾರೀಖು ನೋಡುವವರು ಟೈರಿನಲ್ಲೂ ಇದನ್ನು ನೋಡಬೇಕು. ಬಳಸದೆ ಇಟ್ಟರೂ ರಬ್ಬರು ಗಡಸಾಗುತ್ತ ಹೋಗುತ್ತದೆ. 5 ವರ್ಷ ಕಳೆದ ಟೈರನ್ನು ವರ್ಷಕ್ಕೊಮ್ಮೆ ಪರಿಣತರಿಂದ ತಪಾಸಣೆ ಮಾಡಿಸಬೇಕೆಂದೂ, ತಯಾರಾಗಿ 10 ವರ್ಷವಾದದ್ದನ್ನು ನೋಡಲು ಚೆನ್ನಾಗಿದ್ದರೂ ತೆಗೆದುಬಿಡಬೇಕೆಂದೂ ಪ್ರಮುಖ ತಯಾರಕರು ಸಲಹೆ ನೀಡುತ್ತಾರೆ. ಈ ನಿಯಮ ಡಿಕ್ಕಿಯೊಳಗಿನ ಸ್ಟೆಪ್ನಿಗೂ ಅನ್ವಯಿಸುತ್ತದೆ.

ಭಾರತದಲ್ಲಿ ವಾಹನದ ಟೈರುಗಳ ಗುಣಮಟ್ಟ ನಿಯಂತ್ರಣ ಆದೇಶವು 2009ರಲ್ಲಿ ಹೊರಬಿದ್ದಿತು. ಅದರಂತೆ ಟೈರಿನ ಮೇಲೆ ಐ.ಎಸ್.ಐ. ಮುದ್ರೆ ಇರುವುದು ಕಡ್ಡಾಯ. ಕಾರಿನ ಟೈರಿಗೆ ಐ.ಎಸ್. 15633, ಸರಕು ವಾಹನದ ಟೈರಿಗೆ ಐ.ಎಸ್. 15636 ಎಂಬ ಮಾನಕಗಳಿವೆ. ಮುದ್ರೆಯಿಲ್ಲದ ಸರಕು ಎಷ್ಟೇ ಅಗ್ಗವಾಗಿ ದೊರೆತರೂ ಅದನ್ನು ಮುಟ್ಟದಿರುವುದೇ ಲೇಸು.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು 2022ರ ಜೂನ್ ತಿಂಗಳಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಉರುಳುವಾಗಿನ ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಹಾಗೂ ಉರುಳುವ ಸದ್ದು ಎಂಬ ಮೂರು ಗುಣಗಳಿಗೆ ಎ.ಐ.ಎಸ್. 142 ಎಂಬ ಮಾನಕವನ್ನು ಅನ್ವಯಗೊಳಿಸಲಾಯಿತು. ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್ 1ರಿಂದ, ಮೊದಲೇ ಇದ್ದ ವಿನ್ಯಾಸಗಳಿಗೆ 2023ರ ಏಪ್ರಿಲ್ 1ರಿಂದ ಎಂದು ಗಡುವು ನಿಗದಿಯಾಯಿತು. ಇಂಧನ ದಕ್ಷತಾ ಕೇಂದ್ರವು ರೆಫ್ರಿಜರೇಟರುಗಳಿಗೆ ನೀಡುವಂತೆ ಟೈರುಗಳಿಗೂ ನಕ್ಷತ್ರದ ಗುರುತು ನೀಡುವ ಯೋಜನೆಯನ್ನು ರೂಪಿಸಿದೆ. ನಕ್ಷತ್ರ ಹೆಚ್ಚಿದಷ್ಟೂ ಉರುಳುವಾಗಿನ ಪ್ರತಿರೋಧ ಕಡಿಮೆ, ಇಂಧನ ಉಳಿತಾಯ ಹೆಚ್ಚು.

ಕೆಲವು ಟೈರುಗಳ ಮೇಲೆ 'ಟ್ರೆಡ್‌ವೇರ್ 300, ಟ್ರಾಕ್ಷನ್ ಎ, ಟೆಂಪರೇಚರ್ ಬಿ' ಎಂಬ ಬರಹವಿರುತ್ತದೆ. ಇದು ಅಮೆರಿಕದ ಪದ್ಧತಿ. 100 ಅಂಕ ಪಡೆದ ಮಾದರಿ ಟೈರಿಗಿಂತ 300 ಅಂಕದ್ದು ಪರೀಕ್ಷಾ ರಸ್ತೆಯಲ್ಲಿ ಮೂರರಷ್ಟು ತಾಳಿಕೆ ತೋರಿದೆ ಎಂದು ಇದರ ಅರ್ಥ. ಆದರೆ ಈ ಅಂಕವನ್ನು ಕೊಡುವವನು ತಯಾರಕನೇ. ಹಾಗಾಗಿ ಒಂದೇ ಕಂಪನಿಯ ಎರಡು ಟೈರುಗಳನ್ನು ಹೋಲಿಸಲು ಇದು ಉಪಯುಕ್ತವೇ ಹೊರತು ಬೇರೆ ಬೇರೆ ಕಂಪನಿಗಳನ್ನು ಹೋಲಿಸಲು ಅಷ್ಟಾಗಿ ಒದಗದು.

ದೊಡ್ಡ ಟೈರಿನ ಮೋಹ

ವಾಹನ ಗಂಭೀರವಾಗಿ ಕಾಣಲೆಂದು ಅಗಲವಾದ ಟೈರು ಹಾಕಿಸುವ ಹಂಬಲ ಯುವ ಉದ್ಯಮಿಗಳಲ್ಲಿ ಕಾಣುತ್ತಿದೆ. ಇಲ್ಲಿ ಹೊರವ್ಯಾಸದ ಲೆಕ್ಕ ಮುಖ್ಯ. 185/65 ಆರ್ 15ರ ಹೊರವ್ಯಾಸ 621.5 ಮಿಲಿಮೀಟರ್. 165/80 ಆರ್ 14ರದು 619.6. ಎರಡೂ ಬಹುತೇಕ ಸಮ. ಆದ್ದರಿಂದಲೇ ಒಂದೇ ಮಾದರಿಯ ಕಾರಿನ ಕೆಳದರ್ಜೆಗೆ ಒಂದು, ಮೇಲ್ದರ್ಜೆಗೆ ಇನ್ನೊಂದು ಕಾರ್ಖಾನೆಯಿಂದಲೇ ಬರುವುದುಂಟು. 195/60 ಆರ್ 15ರದು 615. ವ್ಯತ್ಯಾಸ ಶೇಕಡ 1 ಮಾತ್ರ. ಆದರೆ 205/65 ಆರ್ 15 ಹಾಕಿದರೆ ವ್ಯಾಸ 647.5ಕ್ಕೆ ಏರುತ್ತದೆ, ಅಂದರೆ ಶೇಕಡ 4ಕ್ಕಿಂತ ಹೆಚ್ಚು. ಮೀಟರು 80 ತೋರಿಸುವಾಗ ವಾಹನ 83ರಲ್ಲಿ ಓಡುತ್ತಿರುತ್ತದೆ. ವಾಹನ 104 ಕಿಲೋಮೀಟರ್ ಓಡಿದರೂ ಮೀಟರಿನಲ್ಲಿ 100 ಎಂದೇ ದಾಖಲಾಗುತ್ತದೆ. ಲಾಗ್ ಪುಸ್ತಕದಲ್ಲಿ ಮೈಲೇಜ್ ಕುಸಿದಂತೆ ಕಂಡು, ಪಾಪ, ಚಾಲಕನ ಮೇಲೆ ಡೀಸೆಲ್ ಕಳವಿನ ಸಂಶಯ ಮೂಡಲು ಇಷ್ಟೇ ಸಾಕು. ಚಕ್ರದ ಕಮಾನಿಗೆ ಟೈರು ತಾಗುವ ತೊಂದರೆಯೂ, ಅಪಘಾತವಾದಾಗ ವಿಮಾ ಕಂಪನಿಯೊಡನೆ ವಿವಾದಕ್ಕೆ ಎಡೆಯೂ ಉಂಟು.

ನಮ್ಮ ರಸ್ತೆಗಳಿಗೆ ಯಾವುದು ತಕ್ಕುದು?

ಹಾಸನ ಜಿಲ್ಲೆಯ ರಸ್ತೆಗಳೆಲ್ಲ ಒಂದೇ ಬಗೆಯವಲ್ಲ. ಚನ್ನರಾಯಪಟ್ಟಣದ ತೆಂಗಿನಕಾಯಿ ವರ್ತಕರ ವಾಹನಗಳು ರಾಷ್ಟ್ರೀಯ ಹೆದ್ದಾರಿ 75ರ ಚತುಷ್ಪಥದಲ್ಲಿ ಬೆಂಗಳೂರಿನತ್ತ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಸಾಗುತ್ತವೆ. ಇಂತಹ ಓಟಕ್ಕೆ ಶಾಖ ತಾಳುವ ಗುಣ ಮತ್ತು ಕಡಿಮೆ ಪ್ರತಿರೋಧ ಮುಖ್ಯ. ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಬೇಕು. ತಾಪ 10 ಡಿಗ್ರಿ ಏರಿದರೆ ಕಾರಿನ ಟೈರಿನ ಒತ್ತಡ ಸುಮಾರು ಒಂದೂವರೆ ಪಿ.ಎಸ್.ಐ. ಏರುತ್ತದೆ. ಓಡಿ ಬಿಸಿಯಾದ ಟೈರಿನಲ್ಲಿ ಹೆಚ್ಚು ಕಂಡಿತೆಂದು ಗಾಳಿ ಬಿಡುವುದು ದೊಡ್ಡ ತಪ್ಪು.

ಅರಕಲಗೂಡು ತಾಲ್ಲೂಕಿನ ಚಿತ್ರ ಬೇರೆ. ಆಲೂಗಡ್ಡೆ, ಶುಂಠಿ, ಹೊಗೆಸೊಪ್ಪು ಹೊಲದ ಅಂಚಿನಿಂದಲೇ ವಾಹನವೇರಿ ಹಾಸನದ ಮಾರುಕಟ್ಟೆಗೋ ರಾಮನಾಥಪುರದ ಹೊಗೆಸೊಪ್ಪು ಹರಾಜು ಕಟ್ಟೆಗೋ ಹೊರಡುತ್ತವೆ. ಮಣ್ಣುಹಾದಿ, ಗುಂಡಿ, ಮೊನಚು ಕಲ್ಲುಗಳ ನಡುವೆ ತೆಳುಗೋಡೆಯ ಟೈರು ಬಾಳದು. ಎರಡನೆಯ ಅಂಕಿ 75, 80ರಷ್ಟಿರುವ ಎತ್ತರದ ಗೋಡೆಯ, ಪದರದ ಬಲ ಹೆಚ್ಚಿರುವ ಟೈರು ಇಲ್ಲಿ ಲೇಸು. ಕೊಯ್ಲಿನ ಕಾಲದ ಗರಿಷ್ಠ ಹೊರೆಯನ್ನು ಗಮನದಲ್ಲಿಟ್ಟು ಭಾರದ ಸೂಚ್ಯಂಕವನ್ನು ಆರಿಸಬೇಕೇ ಹೊರತು ಬೇಸಿಗೆಯ ಖಾಲಿ ಓಡಾಟವನ್ನು ನೋಡಿ ಅಲ್ಲ.

ಹೊಳೆನರಸೀಪುರದ ವರ್ತಕರಿಗೆ ಹಾಸನವೂ ಮೈಸೂರೂ ಎರಡೂ ಮಾರುಕಟ್ಟೆಗಳೇ. ಊರುಗಳ ನಡುವೆ ಹಾದುಹೋಗುವ ರಸ್ತೆಯಲ್ಲಿ ವೇಗತಡೆಗಳೂ ಪದೇಪದೇ ಬ್ರೇಕ್ ಹಾಕುವ ಸಂದರ್ಭಗಳೂ ಹೆಚ್ಚು. ಇಲ್ಲಿ ಒದ್ದೆ ಮತ್ತು ಒಣ ರಸ್ತೆ ಎರಡರಲ್ಲೂ ಹಿಡಿತವಿರುವ ಸಾಧಾರಣ ಟೈರೇ ಸಾಕು. ಆದರೆ ಚಕ್ರಗಳ ಅಲೈನ್‌ಮೆಂಟನ್ನು ಆಗಾಗ್ಗೆ ಸರಿಪಡಿಸಬೇಕು.

ಹಾಸನದಿಂದ ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಸರಕು ಕಳುಹಿಸುವವರು ಮಳೆಗಾಲವನ್ನು ನೆನೆಯಬೇಕು. ಟ್ರೆಡ್ಡಿನ ಗೀರುಗಳ ಕೆಲಸವೇ ನೀರನ್ನು ಆಚೆಗೆ ತಳ್ಳುವುದು. ಗೀರು ಸವೆದರೆ ಟೈರು ನೀರಿನ ಮೇಲೆ ತೇಲಿ ಬ್ರೇಕಿಗೂ ಸ್ಟಿಯರಿಂಗಿಗೂ ಓಗೊಡದು. ಕಾನೂನಿನಂತೆ ಕಾರಿನ ಟೈರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳಿಗೆ 0.8 ಮಿಲಿಮೀಟರ್. ಗೀರಿನೊಳಗೆ ಅಲ್ಲಲ್ಲಿ ಇರುವ ಪುಟ್ಟ ಉಬ್ಬುಗಳು ಟ್ರೆಡ್ಡಿನ ಮಟ್ಟಕ್ಕೆ ಬಂದರೆ ಟೈರಿನ ಆಯುಸ್ಸು ಮುಗಿಯಿತೆಂದೇ ಅರ್ಥ. ಘಾಟಿಯಲ್ಲಿ ಓಡಾಡುವವರು 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುವುದು ಕ್ಷೇಮ.

ಎರಡೇ ಹೊಸ ಟೈರು ಕೊಂಡಾಗ ಅವನ್ನು ಮುಂದಕ್ಕೆ ಹಾಕಿಸುವುದು ನಮ್ಮಲ್ಲಿನ ವಾಡಿಕೆ. ಟೈರು ತಯಾರಕರ ಸಲಹೆ ಇದಕ್ಕೆ ವಿರುದ್ಧವಾಗಿದೆ: ಕಾರಿನಲ್ಲಿ ಹೊಸ ಜೋಡಿ ಹಿಂದಕ್ಕೇ ಹೋಗಬೇಕು. ಮುಂದಿನ ಚಕ್ರ ಜಾರಿದರೆ ಚಾಲಕನಿಗೆ ಸ್ಟಿಯರಿಂಗಿನಲ್ಲೇ ತಿಳಿಯುತ್ತದೆ, ವೇಗ ತಗ್ಗಿಸಿ ಸಾವರಿಸಿಕೊಳ್ಳಬಹುದು. ಹಿಂದಿನ ಚಕ್ರ ಜಾರಿದರೆ ವಾಹನವೇ ಗಿರಕಿ ಹೊಡೆಯುತ್ತದೆ; ಸಾವರಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಬೆಲೆಯ ಲೆಕ್ಕವೋ, ಕಿಲೋಮೀಟರಿನ ಲೆಕ್ಕವೋ?

ಈಗ ಹಣದ ವಿಚಾರ. ಒಂದು ಟೈರಿನ ಬೆಲೆ 4,000 ರೂಪಾಯಿ, ಬಾಳಿಕೆ 35,000 ಕಿಲೋಮೀಟರ್. ಇನ್ನೊಂದರ ಬೆಲೆ 5,200 ರೂಪಾಯಿ, ಬಾಳಿಕೆ 50,000 ಕಿಲೋಮೀಟರ್ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಮೊದಲನೆಯದಕ್ಕೆ ಕಿಲೋಮೀಟರಿಗೆ 11.4 ಪೈಸೆ, ಎರಡನೆಯದಕ್ಕೆ 10.4 ಪೈಸೆ. ಮೇಲ್ನೋಟಕ್ಕೆ ದುಬಾರಿಯಾದದ್ದೇ ನಿಜದಲ್ಲಿ ಅಗ್ಗ.

ಇದರ ಮೇಲೆ ಇಂಧನದ ಲೆಕ್ಕವಿದೆ. ಉರುಳುವಾಗಿನ ಪ್ರತಿರೋಧ ಶೇಕಡ 10ರಷ್ಟು ತಗ್ಗಿದರೆ ಇಂಧನದಲ್ಲಿ ಶೇಕಡ 1ರಿಂದ 2ರಷ್ಟು ಉಳಿಯುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ವರ್ಷಕ್ಕೆ 20,000 ಕಿಲೋಮೀಟರ್ ಓಡುವ, ಲೀಟರಿಗೆ 16 ಕಿಲೋಮೀಟರ್ ಕೊಡುವ ಕಾರು 1,250 ಲೀಟರ್ ಕುಡಿಯುತ್ತದೆ. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂಪಾಯಿ ಎಂದರೆ 1,25,000 ರೂಪಾಯಿ. ಅದರಲ್ಲಿ ಶೇಕಡ 2 ಎಂದರೆ ವರ್ಷಕ್ಕೆ 2,500 ರೂಪಾಯಿ. ನಾಲ್ಕು ಟೈರುಗಳಿಗೆ ಹೆಚ್ಚಾಗಿ ತೆತ್ತ 4,800 ರೂಪಾಯಿ ಎರಡು ವರ್ಷ ತುಂಬುವುದರೊಳಗೇ ಹಿಂದಿರುಗುತ್ತದೆ.

ತೆರಿಗೆಯ ದರದಲ್ಲೂ ಬದಲಾವಣೆಯಾಗಿದೆ. ಸರಕು ಮತ್ತು ಸೇವಾ ತೆರಿಗೆ ಜಾರಿಯಾದ 2017ರಿಂದ ಕಾರು ಮತ್ತು ಸರಕು ವಾಹನಗಳ ಹೊಸ ಟೈರಿಗೆ ಶೇಕಡ 28 ಇದ್ದ ತೆರಿಗೆಯನ್ನು 2025ರ ಸೆಪ್ಟೆಂಬರ್ 22ರಿಂದ ಶೇಕಡ 18ಕ್ಕೆ ಇಳಿಸಲಾಯಿತು. ಟ್ರಾಕ್ಟರ್ ಟೈರಿಗೆ ಶೇಕಡ 5 ಆಯಿತು. ಮೂಲಬೆಲೆ 5,000 ರೂಪಾಯಿಯ ಟೈರು ಮೊದಲು 6,400 ಆಗುತ್ತಿದ್ದುದು ಈಗ 5,900 ಆಗುತ್ತದೆ. ಸರಕು ಸಾಗಣೆ ವಾಹನದ ಟೈರಿಗೆ ತೆತ್ತ ತೆರಿಗೆಯನ್ನು ನೋಂದಾಯಿತ ವರ್ತಕರು ಸಾಮಾನ್ಯ ಷರತ್ತುಗಳಿಗೆ ಒಳಪಟ್ಟು ಹೂಡುವಳಿ ತೆರಿಗೆಯಾಗಿ ಜಮೆ ಪಡೆಯಬಹುದು. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು ಮತ್ತು ನೋಂದಣಿ ಸಂಖ್ಯೆ ಇರಲೇಬೇಕು. ರಾಜಿ ತೆರಿಗೆ ಪದ್ಧತಿಯವರಿಗೆ ಈ ಜಮೆ ಇಲ್ಲ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ಖರೀದಿ ಮತ್ತು ದುರಸ್ತಿ ಸೇವೆಗೆ ಕಾಯಿದೆಯ 17(5)ನೆಯ ಕಲಮಿನಲ್ಲಿ ನಿರ್ಬಂಧಗಳಿರುವುದರಿಂದ, ಕಾರಿನ ಟೈರಿನ ವಿಷಯದಲ್ಲಿ ತಮ್ಮ ಲೆಕ್ಕ ಪರಿಶೋಧಕರನ್ನು ಕೇಳಿಯೇ ಮುಂದುವರಿಯುವುದು ಒಳಿತು.

ವಿಮೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಸಾಮಾನ್ಯ ಸಮಗ್ರ ವಿಮೆಯಲ್ಲಿ ಟೈರು ಮಾತ್ರ ಹಾಳಾದರೆ ಪರಿಹಾರವಿಲ್ಲ. ಅದೇ ಅಪಘಾತದಲ್ಲಿ ವಾಹನಕ್ಕೂ ಪೆಟ್ಟಾಗಿದ್ದರೆ ಹೊಸ ಟೈರಿನ ಬೆಲೆಯ ಶೇಕಡ 50ರವರೆಗೆ ಮಾತ್ರ ದೊರೆಯುತ್ತದೆ. ಉಳಿದರ್ಧ ಮಾಲೀಕನ ಹೊಣೆ.

ನೆನಪಿಡಬೇಕಾದ ಕ್ರಮಗಳು

ಚಾಲಕನ ಬಾಗಿಲ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಟೈರಿನ ಅಳತೆ ಹಾಗೂ ಖಾಲಿ ಮತ್ತು ತುಂಬಿದ ವಾಹನಕ್ಕೆ ಬೇಕಾದ ಗಾಳಿಯ ಒತ್ತಡ ಬರೆದಿರುತ್ತದೆ; ಅದೇ ಪ್ರಮಾಣ. ಎರಡು ವಾರಕ್ಕೊಮ್ಮೆ ಸ್ಟೆಪ್ನಿಯನ್ನೂ ಸೇರಿಸಿ ಗಾಳಿ ನೋಡಿಸಬೇಕು. ಸಾರಜನಕ ತುಂಬಿಸಿದರೆ ತಪಾಸಣೆ ಬೇಡ ಎಂಬುದು ಭ್ರಮೆ. ಸಾಮಾನ್ಯ ಗಾಳಿಯಲ್ಲೇ ಶೇಕಡ 78ರಷ್ಟು ಸಾರಜನಕವಿದೆ. ಪಕ್ಕದ ಗೋಡೆಯ ಪಂಕ್ಚರಿಗೆ ತೇಪೆ ಹಾಕಿಸಿ ಓಡಿಸಬಾರದು. ರೀಸೋಲ್ ಮಾಡಿಸಿದ ಟೈರನ್ನು ಮುಂದಿನ ಚಕ್ರಕ್ಕೆ ಹಾಕಬಾರದು.

ಇನ್ನು ಪ್ರತಿ ವಾಹನಕ್ಕೂ ಒಂದು ಟೈರು ವಹಿ ಇಡುವುದು ಉಪಯುಕ್ತ. ಟೈರಿನ ಕ್ರಮಸಂಖ್ಯೆ, ತಯಾರಿಕೆಯ ವಾರ, ಕೊಂಡ ದಿನಾಂಕ, ಬೆಲೆ, ಹಾಕಿಸಿದ ಮತ್ತು ತೆಗೆದ ದಿನದ ಮೀಟರ್ ಅಂಕಿ, ಯಾವ ಚಕ್ರ ಎಂಬಿಷ್ಟನ್ನು ಬರೆದರೆ ಸಾಕು. ಎರಡು ಮೂರು ವರ್ಷಗಳಲ್ಲಿ ಯಾವ ಟೈರು ತಮ್ಮ ರಸ್ತೆಗೆ, ತಮ್ಮ ಹೊರೆಗೆ ಎಷ್ಟು ಬಾಳುತ್ತದೆ ಎಂಬ ಲೆಕ್ಕ ವರ್ತಕರ ಕೈಯಲ್ಲೇ ಇರುತ್ತದೆ. ಯಾವ ಜಾಹೀರಾತೂ ಅಷ್ಟು ನಿಖರವಾದ ಉತ್ತರ ಕೊಡದು. ಒಂದು ಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟಿನ ದೋಷ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಗಾಳಿ ಹೆಚ್ಚು ಎಂಬುದನ್ನೂ ಅದೇ ವಹಿಯಲ್ಲಿ ಗುರುತಿಸಿಡಬಹುದು.

ಟೈರಿಗೆ ಉಳಿಸಿದ ಸಾವಿರ ರೂಪಾಯಿ ಲಾಭದ ಖಾತೆಯಲ್ಲಿ ಕಾಣುತ್ತದೆ. ಮಳೆಯ ರಾತ್ರಿ ಶಿರಾಡಿಯ ತಿರುವಿನಲ್ಲಿ ಬ್ರೇಕು ಹಿಡಿದು, ಚಾಲಕನೂ ಸರಕೂ ಸುರಕ್ಷಿತವಾಗಿ ಮನೆ ಸೇರಿದ ಲಾಭ ಯಾವ ಖಾತೆಯಲ್ಲೂ ಕಾಣುವುದಿಲ್ಲ. ವಿವೇಕಿಯಾದ ವರ್ತಕನು ಎರಡನ್ನೂ ತೂಗಿ ನೋಡಿ, ಮುಂದಿನ ಬಾರಿ ಟೈರಿನ ಅಂಗಡಿಗೆ ಹೋದಾಗ ದರ ಕೇಳುವ ಮೊದಲು ಗೋಡೆಯ ಮೇಲಿನ ಬರಹವನ್ನು ಓದುವುದು ಶ್ರೇಯಸ್ಕರ.